ಎಲ್ಲಾ ಕಡೆ ನಡೆಯುವ ಮಷಿನ್ ನಮ್ಮ ಮನೆಯಲ್ಲಿ ಯಾಕೆ ನಿಂತಿತು?

‘ಮನೆ ನಿರ್ಮಾಣದ ವೇಳೆ ವಿದ್ಯುತ್ ತಗುಲಿ ಕಾರ್ಮಿಕ ಸಾವು.’ ಜಿಲ್ಲಾ ಪುಟದ ಮೂಲೆಯಲ್ಲಿ ಇಂಥ ಸುದ್ದಿ ಬರುತ್ತಲೇ ಇರುತ್ತದೆ. ಸತ್ತವರ ಹೆಸರು, ವಯಸ್ಸು, ಊರು, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಎಂಬುದು. ಅಷ್ಟು ಬರೆಯುವಷ್ಟರಲ್ಲಿ ಪುಟದಲ್ಲಿ ಜಾಗ ಮುಗಿದಿರುತ್ತದೆ. ವೈರ್ ಎಂಥದ್ದಿತ್ತು, ಪ್ಲಗ್ ಇತ್ತೋ ಇಲ್ಲವೋ, ಅರ್ಥಿಂಗ್ ಕೊಟ್ಟಿದ್ದರೋ ಇಲ್ಲವೋ, ಇವು ಯಾವುವೂ ಆ ನಾಲ್ಕು ಸಾಲಿನಲ್ಲಿ ಇರುವುದಿಲ್ಲ. ಓದಿದವರು ‘ಪಾಪ, ಅವನ ಹಣೆಬರಹ’ ಎಂದು ಮುಂದಿನ ಸುದ್ದಿಗೆ ಹೋಗುತ್ತಾರೆ.

ಹಣೆಬರಹದ ಮಾತು ಪಕ್ಕಕ್ಕಿರಲಿ. ಕೆಲಸದ ಜಾಗಕ್ಕೆ ಕರೆಂಟ್ ಒಯ್ಯುವ ಸಾಮಾನನ್ನು ನೋಡಿ ಆರಿಸಿದರೆ ಇಂಥ ಸಾವುಗಳಲ್ಲಿ ಬಹಳಷ್ಟನ್ನು ತಪ್ಪಿಸಬಹುದು. ಅದಕ್ಕೆ ಎಂಜಿನಿಯರ್ ಆಗಬೇಕಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಮೇಲೆ ಎರಡು ಕೋಣೆ ಕಟ್ಟಿಸುವಾಗ ನಾವು ನೋಡಿದ್ದನ್ನು, ಒಬ್ಬ ಹಿರಿಯ ವೈರ್‌ಮನ್ ನಮಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

‘ಒಂದ್ ದಿನದ ಕೆಲಸ’

ನಮ್ಮ ಹಳ್ಳಿಗಳಲ್ಲಿ ತಾತ್ಕಾಲಿಕ ಕರೆಂಟ್ ಬೇಕಾಗುವ ಕೆಲಸ ಕಡಿಮೆಯೇನಿಲ್ಲ. ಸ್ಲ್ಯಾಬ್ ಹಾಕುವ ದಿನ ಮಿಕ್ಸರ್, ವೈಬ್ರೇಟರ್ ನಡೆಯಬೇಕು. ಬಾಗಿಲು, ಗ್ರಿಲ್ ಕೂಡಿಸಲು ವೆಲ್ಡಿಂಗ್ ಮಷಿನ್ ಬೇಕು. ಟೈಲ್ಸ್ ಕೊಯ್ಯುವ ಕಟರ್, ಗೋಡೆ ಕೊರೆಯುವ ಡ್ರಿಲ್, ಪಾಯದಲ್ಲಿ ನಿಂತ ನೀರು ತೆಗೆಯುವ ಪಂಪ್ ಬೇಕು. ಜಾತ್ರೆ, ಗಣಪತಿ, ಮದುವೆ ಬಂದರೆ ಪೆಂಡಾಲ್, ಸೀರಿಯಲ್ ಸೆಟ್, ಮೈಕ್.

ಇವೆಲ್ಲ ಒಂದೆರಡು ದಿನದ ಕೆಲಸ. ಅದಕ್ಕೇ ಸಾಮಾನೂ ಹಾಗೇ ಇರುತ್ತದೆ. ಮನೆಯೊಳಗೆ ಫ್ಯಾನಿಗೆ ಹಾಕುವ ತೆಳು ವೈರನ್ನು ಮೂರು ಕಡೆ ಗಂಟು ಹಾಕಿ ಐವತ್ತು ಮೀಟರ್ ಎಳೆಯುತ್ತಾರೆ. ತುದಿಗೆ ಪ್ಲಗ್ ಇರುವುದಿಲ್ಲ. ತಂತಿಯ ಸಿಪ್ಪೆ ಸುಲಿದು ಸಾಕೆಟ್ಟಿನ ತೂತಿಗೆ ತುರುಕಿ, ಜಾರದಂತೆ ಬೆಂಕಿಕಡ್ಡಿ ಚುಚ್ಚುತ್ತಾರೆ. ಮೇಲಿನ ದೊಡ್ಡ ತೂತು, ಅಂದರೆ ಅರ್ಥಿಂಗಿನದು, ಖಾಲಿ ಇರುತ್ತದೆ. ಕೇಳಿದರೆ ಒಂದೇ ಉತ್ತರ: “ಒಂದ್ ದಿನದ ಕೆಲಸ, ಏನ್ ಆಗಂಗಿಲ್ಲ ಬಿಡ್ರೀ ಸರ.”

ನಿಜ ಇದಕ್ಕೆ ತಿರುಗಾಮುರುಗಾ. ಮನೆಯೊಳಗಿನ ವೈರಿಂಗ್ ಗೋಡೆಯೊಳಗೆ ಬೆಚ್ಚಗೆ ಇರುತ್ತದೆ. ಅದನ್ನು ಯಾರೂ ತುಳಿಯುವುದಿಲ್ಲ, ಅದರ ಮೇಲೆ ಮಳೆ ಬೀಳುವುದಿಲ್ಲ. ಹೊರಗೆ ಎಳೆದ ವೈರಿನ ಮೇಲೆ ಟ್ರ್ಯಾಕ್ಟರ್ ಹಾಯುತ್ತದೆ, ಕಬ್ಬಿಣದ ಸಲಾಕೆ ಬೀಳುತ್ತದೆ, ಸಿಮೆಂಟ್ ನೀರು ಹರಿಯುತ್ತದೆ. ಕೆಲಸ ಮಾಡುವವರ ಕಾಲಲ್ಲಿ ಚಪ್ಪಲಿ ಇರುವುದಿಲ್ಲ, ಮೈ ಬೆವರಿರುತ್ತದೆ. ಒಂದು ದಿನದ ಕೆಲಸಕ್ಕೇ ಮನೆಯೊಳಗಿಗಿಂತ ಗಟ್ಟಿ ಸಾಮಾನು ಬೇಕು.

ಫ್ಯೂಸ್ ಕಾಯುವುದು ವೈರನ್ನು

ವೈರ್‌ಮನ್ ನಮಗೆ ಮೊದಲು ಕೇಳಿದ್ದು, “ನಿಮ್ಮ ಬೋರ್ಡಿನಾಗ ಮನುಷ್ಯಾನ್ನ ಕಾಯೋದು ಏನೈತ್ರೀ?” ಎಂದು. ಎಂಸಿಬಿ ಇದೆ ಎಂದೆವು. ಅವರು ನಕ್ಕರು. “ಅದು ವೈರ್ ಕಾಯ್ತೈತಿ.”

ಅದನ್ನು ಅವರು ಬಿಡಿಸಿ ಹೇಳಿದ್ದು ಹೀಗೆ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ 16 ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹರಿಯಬೇಕು. ಅಂದರೆ 16,000 ಮಿಲಿ ಆಂಪಿಯರ್. ಮನುಷ್ಯನ ಜೀವ ತೆಗೆಯಲು ಅಷ್ಟೆಲ್ಲ ಬೇಡ. 10ರಿಂದ 15 ಮಿಲಿ ಆಂಪಿಯರ್ ಹರಿದರೆ ಕೈಯ ಸ್ನಾಯು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಬರುವುದಿಲ್ಲ. 30ಕ್ಕಿಂತ ಹೆಚ್ಚು ಸ್ವಲ್ಪ ಹೊತ್ತು ಹರಿದರೆ ಉಸಿರಿಗೆ, ಹೃದಯಕ್ಕೆ ಕುತ್ತು. ಹಳೆಯ 100 ವ್ಯಾಟ್ ಬಲ್ಬ್ ಉರಿಯಲು ಸುಮಾರು 430 ಮಿಲಿ ಆಂಪಿಯರ್ ಬೇಕು. ಆ ಬಲ್ಬಿನ ಕರೆಂಟಿನಲ್ಲಿ ಹತ್ತನೇ ಒಂದು ಪಾಲು ಸಾಕು, ಆಳು ಬೀಳುತ್ತಾನೆ. ಒದ್ದೆ ಕೈ, ಬರಿಗಾಲಿನ ಮನುಷ್ಯ 230 ವೋಲ್ಟ್ ಮುಟ್ಟಿದರೆ ಮೈಯೊಳಗೆ 200 ಮಿಲಿ ಆಂಪಿಯರಿಗೂ ಮೇಲೆ ಹರಿಯಬಹುದು. ಅಷ್ಟಾದರೂ ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ.

ಮನುಷ್ಯನನ್ನು ಕಾಯುವ ಸಾಮಾನಿನ ಹೆಸರು ಆರ್‌ಸಿಸಿಬಿ. ಅಂಗಡಿಯಲ್ಲಿ ಈಗಲೂ ಹಲವರು ಹಳೆಯ ರೂಢಿಯಂತೆ ಇಎಲ್‌ಸಿಬಿ ಅನ್ನುತ್ತಾರೆ. ಅದರ ಕೆಲಸ ಲೆಕ್ಕ ಇಡುವುದು. ಫೇಸ್ ತಂತಿಯಲ್ಲಿ ಹೋದಷ್ಟೇ ಕರೆಂಟ್ ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಬರಬೇಕು. ಕಡಿಮೆ ಬಂದರೆ ನಡುವೆ ಎಲ್ಲೋ ಸೋರಿದೆ ಎಂದು ಅರ್ಥ. ಅದು ಮಷಿನ್ನಿನ ಕವಚದ ಮೂಲಕ ನೆಲಕ್ಕೆ ಹೋಗಿರಬಹುದು, ಮನುಷ್ಯನ ಮೈ ಮೂಲಕವೂ ಹೋಗಿರಬಹುದು. ಆ ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ, ಅದು ಕರೆಂಟ್ ಕಡಿದುಹಾಕುತ್ತದೆ.

ಕೊಳ್ಳುವಾಗ ಮೈಮೇಲೆ ‘30 ಎಂಎ’ ಎಂದು ಇರುವುದನ್ನೇ ಕೇಳಬೇಕು. 100, 300 ಎಂಎ ಎಂದೂ ಸಿಗುತ್ತವೆ. ಅವು ಬೆಂಕಿ ಅನಾಹುತ ತಡೆಯಲು, ಕೈಯಲ್ಲಿ ಹಿಡಿಯುವ ಮಷಿನ್ನಿಗೆ ಅಲ್ಲ. ಐಎಸ್‌ಐ ಗುರುತು, ಐಎಸ್ 12640 ಎಂಬ ಸಂಖ್ಯೆ ಇರಲಿ. ಸಿಂಗಲ್ ಫೇಸಿಗೆ ಎರಡು ಪೋಲಿನದು, ತ್ರೀ ಫೇಸ್ ಮೋಟಾರಿಗೆ ನಾಲ್ಕು ಪೋಲಿನದು. ಆರ್‌ಸಿಸಿಬಿ ಇದ್ದರೂ ಎಂಸಿಬಿ ಬೇಕೇ ಬೇಕು. ಯಾಕೆಂದರೆ ಇದು ಸೋರಿಕೆ ನೋಡುತ್ತದೆಯೇ ಹೊರತು ಓವರ್‌ಲೋಡ್ ನೋಡುವುದಿಲ್ಲ. ಇನ್ನೊಂದು ಮಾತು. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವರನ್ನು ಇದೂ ಉಳಿಸಲಾರದು. ಅದಕ್ಕೇ ಸಿಪ್ಪೆ ಸುಲಿದ ತಂತಿಗೆ ಇದು ಪರಿಹಾರವಲ್ಲ.

ಸ್ಲ್ಯಾಬ್ ದಿನ

ವೈರ್‌ಮನ್ ನಮಗೊಂದು ಡಬ್ಬಿ ಮಾಡಿಕೊಟ್ಟರು. ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿ, ಒಳಗೆ ಎಂಸಿಬಿ, 30 ಎಂಎ ಆರ್‌ಸಿಸಿಬಿ, ಕೆಳಗೆ ಮುಚ್ಚಳದ ಎರಡು ಸಾಕೆಟ್. ಆರ್‌ಸಿಸಿಬಿಗೇ ಸುಮಾರು ಎರಡು ಸಾವಿರ ಬಿತ್ತು. ಡಬ್ಬಿ, ಸಾಕೆಟ್, ಕೇಬಲ್ ಎಲ್ಲ ಸೇರಿ ಏಳು ಸಾವಿರದ ಹತ್ತಿರ. ನಮ್ಮ ಗೌಂಡಿಗೆ ಇದು ದಂಡದ ಖರ್ಚು ಅನ್ನಿಸಿತ್ತು. “ಇಷ್ಟ್ ವರ್ಷ ಕೆಲಸ ಮಾಡೇನಿ, ಇಂಥಾ ಡಬ್ಬಿ ನೋಡಿಲ್ರೀ” ಅಂದ.

ಸ್ಲ್ಯಾಬ್ ದಿನ ಬೆಳಿಗ್ಗೆ ಮಿಕ್ಸರ್ ಚೆನ್ನಾಗಿ ನಡೆಯಿತು. ಬಾಡಿಗೆಗೆ ತಂದ ವೈಬ್ರೇಟರನ್ನು ಕೆಳಗೆ ಒಣ ಹಲಗೆಯ ಮೇಲಿಟ್ಟು ನೋಡಿದಾಗ ಅದೂ ನಡೆಯಿತು. ಮೇಲೆ ಒಯ್ದು ಕಬ್ಬಿಣದ ಜಾಲರಿಯ ಮೇಲೆ ಇಟ್ಟು ಚಾಲೂ ಮಾಡಿದ ಕೂಡಲೇ ಡಬ್ಬಿ ಟಪ್ ಎಂದು ಬಿತ್ತು. ಎತ್ತಿದೆವು, ಮತ್ತೆ ಬಿತ್ತು. ಮೂರನೇ ಸಲವೂ ಅದೇ.

ಸ್ಲ್ಯಾಬ್ ಹಾಕಿಸಿದವರಿಗೆ ಆ ಹೊತ್ತು ಎಂಥದ್ದು ಎಂದು ಗೊತ್ತು. ಕಲಸಿದ ಕಾಂಕ್ರೀಟ್ ಕಾಯುವುದಿಲ್ಲ. ಹದಿನೆಂಟು ಜನ ಬುಟ್ಟಿ ಹಿಡಿದು ನಿಂತಿದ್ದರು. ಬಿಸಿಲು ಏರುತ್ತಿತ್ತು. ಗೌಂಡಿ ಮೇಲಿನಿಂದ ಕೂಗಿದ: “ಆ ಡಬ್ಬಿ ತಗದ್ ಒಗದು ಮೀಟರಿಂದ ನೇರ ಕೊಡ್ರೀ ಸರ, ಮಾಲ್ ಕೂಡ್ತೈತಿ!” ಮನೆಯವರೂ ಅದನ್ನೇ ಹೇಳತೊಡಗಿದರು. ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದರೆ ಅವರಿಗೆ ಸಿಟ್ಟು: “ಎಲ್ಲಾ ಕಡೆ ನಡದೈತಿ, ನಿಮ್ಮ ಮನ್ಯಾಗ ಅಷ್ಟ ಯಾಕ ನಿಂತೈತಿ? ನಿಮ್ಮ ಡಬ್ಬೀನ ಕೆಟ್ಟೈತಿ.”

ವೈರ್‌ಮನ್ ಅಲ್ಲೇ ಇದ್ದರು. ನೇರ ಕೊಡಲು ಅವರು ಒಪ್ಪಲಿಲ್ಲ. ವೈಬ್ರೇಟರ್ ತೆಗೆದು ಮಿಕ್ಸರ್ ಒಂದನ್ನೇ ಹಾಕಿದರು. ಡಬ್ಬಿ ಬೀಳಲಿಲ್ಲ. ಆಮೇಲೆ ಮೆಗ್ಗರ್ ಹಚ್ಚಿ ವೈಬ್ರೇಟರಿನ ಮೋಟಾರ್ ನೋಡಿದರು. ತಂತಿಗೂ ಮೇಲಿನ ಕವಚಕ್ಕೂ ನಡುವೆ ಕಡಿಮೆ ಎಂದರೂ ಒಂದು ಮೆಗಾ ಓಮ್ ತೋರಿಸಬೇಕಿತ್ತು. ಮುಳ್ಳು ಸೊನ್ನೆಯ ಹತ್ತಿರವೇ ಕೂತಿತ್ತು. ಒಳಗಿನ ವೈಂಡಿಂಗ್ ಸುಟ್ಟು ಕವಚಕ್ಕೆ ಕರೆಂಟ್ ಬರುತ್ತಿತ್ತು. ಕೇಬಲ್ಲಿನ ತುದಿಯಲ್ಲಿ ಮೂರು ಪಿನ್ನಿನ ಪ್ಲಗ್ ತೆಗೆದು ಎರಡು ಪಿನ್ನಿನದು ಹಾಕಿದ್ದರು. ಅರ್ಥಿಂಗ್ ತಂತಿಯನ್ನು ಕತ್ತರಿಸಿ ಒಳಗೆ ಮಡಚಿದ್ದರು. ಒಣ ಹಲಗೆಯ ಮೇಲೆ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇರಲಿಲ್ಲ, ಅದಕ್ಕೇ ನಡೆಯಿತು. ಜಾಲರಿಯ ಮೇಲೆ ದಾರಿ ಸಿಕ್ಕಿತು.

ವೈಬ್ರೇಟರ್ ಹಿಡಿಯಬೇಕಿದ್ದ ಹುಡುಗನನ್ನು ಕೇಳಿದೆವು, ಹಿಂದಿನ ಕೆಲಸದಲ್ಲಿ ಏನೂ ಗೊತ್ತಾಗಿರಲಿಲ್ಲವೇ ಎಂದು. “ಸ್ವಲ್ಪ ಜುಮ್ ಅಂತಿತ್ರೀ ಅಣ್ಣಾರ. ಅದಕ್ಕ ಕೈಗೆ ಪ್ಲಾಸ್ಟಿಕ್ ಚೀಲ ಸುತ್ಕೊಂಡಿದ್ದೆ.” ಅವನು ಅದನ್ನು ದೂರಿನಂತೆ ಹೇಳಲಿಲ್ಲ. ಮಷಿನ್ನಿನ ಸ್ವಭಾವವೇ ಹಾಗೆ ಎಂದುಕೊಂಡಿದ್ದ.

ಪಕ್ಕದ ಊರಿನಿಂದ ಪೆಟ್ರೋಲ್ ವೈಬ್ರೇಟರ್ ಬರಲು ನಲವತ್ತು ನಿಮಿಷ ಹಿಡಿಯಿತು. ಅಲ್ಲಿಯವರೆಗೆ ಸಲಾಕೆಯಿಂದ ಕುಟ್ಟಿ ಮಾಲು ಕೂಡಿಸಿದರು. ಸ್ಲ್ಯಾಬಿಗೆ ಏನೂ ಆಗಲಿಲ್ಲ. ಆದರೆ ಆ ಮಷಿನ್ ಎರಡು ದಿನ ಬಿಟ್ಟು ಬೇರೆ ಊರಿಗೆ ಬಾಡಿಗೆಗೆ ಹೋಗುವುದಿತ್ತು. ಆ ಮನೆಯ ಮಾಲೀಕರ ನಂಬರ್ ಹುಡುಕಿ ವಿಷಯ ಹೇಳಿದೆವು. ಅವರೂ ಕೇಳಿದ ಮೇಲೆ ಬಾಡಿಗೆಯವರು ಮಷಿನ್ನನ್ನು ವೈಂಡಿಂಗಿಗೆ ಹಾಕಿದರು.

‘ಎಲ್ಲಾ ಕಡೆ ನಡೆದಿದೆ’ ಎಂದು ಅವರು ಹೇಳಿದ್ದು ಸುಳ್ಳಲ್ಲ. ಎಲ್ಲಾ ಕಡೆ ಅದನ್ನು ನಿಲ್ಲಿಸುವ ಸಾಮಾನೇ ಇರಲಿಲ್ಲ. ಡಬ್ಬಿ ಪದೇಪದೇ ಬೀಳುತ್ತಿದೆ ಎಂದರೆ ಅದು ಡಬ್ಬಿಯ ಕಾಟವಲ್ಲ, ಮಷಿನ್ನಿನ ರೋಗ. ಬೀಳುವ ಡಬ್ಬಿಯನ್ನು ಬೈಪಾಸ್ ಮಾಡಿದರೆ, ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ.

ಉಳಿದ ಸಾಮಾನು

ವೈರ್: ಹೊರಗಿನ ಕೆಲಸಕ್ಕೆ ಮೂರು ಎಳೆಯ ದುಂಡನೆಯ ಕೇಬಲ್ ತರಬೇಕು. ಮೂರನೆಯ ಎಳೆ ಅರ್ಥಿಂಗಿಗೆ. 16 ಆಂಪಿಯರ್ ಸಾಕೆಟ್ಟಿಗೆ 2.5 ಚದರ ಎಂಎಂ ತಾಮ್ರದ್ದು. 50 ಮೀಟರ್ ದೂರ 1 ಚದರ ಎಂಎಂ ವೈರ್ ಎಳೆದು 10 ಆಂಪಿಯರ್ ಹರಿಸಿದರೆ ಸುಮಾರು 20 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮೋಟಾರ್ ಏದುಸಿರು ಬಿಡುತ್ತದೆ, ಬಿಸಿಯಾಗುತ್ತದೆ, ವೈಂಡಿಂಗ್ ಸುಡುತ್ತದೆ. 2.5 ಎಂಎಂ ಆದರೆ ಎಂಟು ವೋಲ್ಟ್ ಹೋಗುತ್ತದೆ, ಅಷ್ಟೇ. ಸುರುಳಿ ಸುತ್ತಿದ ಕೇಬಲ್ಲನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುರುಳಿಯಲ್ಲೇ ಬಿಟ್ಟರೆ ಕಾಯುತ್ತದೆ. ನಡುವೆ ಗಂಟು ಬೇಡ. ಒದ್ದೆಯಾದರೆ ಟೇಪ್ ಸುತ್ತಿದ ಗಂಟು ಬರಿ ತಂತಿಗೆ ಸಮ. ಕೇಬಲ್ಲನ್ನು ಸಲಾಕೆಗೆ, ಕಬ್ಬಿಣದ ಏಣಿಗೆ ಕಟ್ಟದೆ ಒಣ ಕಟ್ಟಿಗೆಯ ಗೂಟದ ಮೇಲೆ ಎತ್ತರಕ್ಕೆ ಒಯ್ಯಬೇಕು.

ಪ್ಲಗ್ ಮತ್ತು ಸಾಕೆಟ್: ಮನೆಯ ಸಾಮಾನ್ಯ ಸಾಕೆಟ್ ಹೊರಗೆ ಆಗದು. ಮುಚ್ಚಳವಿರುವ ಕೈಗಾರಿಕಾ ಸಾಕೆಟ್ ಸಿಗುತ್ತದೆ. ನೀಲಿ ಬಣ್ಣದ್ದು ಸಿಂಗಲ್ ಫೇಸಿಗೆ, ಕೆಂಪು ತ್ರೀ ಫೇಸಿಗೆ. ಅದರ ಮೇಲೆ ‘ಐಪಿ 44’ ಎಂಬಂಥ ಸಂಖ್ಯೆ ಇರುತ್ತದೆ. ಎರಡನೇ ಅಂಕಿ ನೀರಿನದು. 4 ಎಂದರೆ ಯಾವ ಕಡೆಯಿಂದ ನೀರು ಸಿಡಿದರೂ ತಡೆಯುತ್ತದೆ. ಹೊರಗಿನ ಕೆಲಸಕ್ಕೆ ಇದಕ್ಕಿಂತ ಕಡಿಮೆ ಬೇಡ.

ಅರ್ಥಿಂಗ್: ಅರ್ಥಿಂಗ್ ಸರಿ ಇದ್ದರೆ, ಕವಚಕ್ಕೆ ಕರೆಂಟ್ ಬಂದ ಕೂಡಲೇ, ಯಾರೂ ಮುಟ್ಟುವ ಮೊದಲೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿದ ಮೇಲೆ ಬೀಳುತ್ತದೆ. ಮುಟ್ಟಿದವರಿಗೆ ಆ ಒಂದು ಹೊಡೆತ ಬಿದ್ದೇ ಬೀಳುತ್ತದೆ. ಏಣಿಯ ಮೇಲಿದ್ದವರು ಆ ಹೊಡೆತಕ್ಕೇ ಕೆಳಗೆ ಬೀಳಬಹುದು. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ, ಕೆಲಸಕ್ಕೆ ಮೊದಲು ನೀರು ಹಾಕಿಸಿ. ಎರಡಡಿ ಸಲಾಕೆ ನೆಲಕ್ಕೆ ಚುಚ್ಚಿ ಅರ್ಥಿಂಗ್ ಆಯಿತು ಎನ್ನುವಂತಿಲ್ಲ. ಭಾರತೀಯ ಮಾನಕದಂತೆ ಅರ್ಥಿಂಗ್ ಪೈಪ್ ಎರಡೂವರೆ ಮೀಟರಿಗೆ ಕಡಿಮೆ ಇರಬಾರದು.

ಮಷಿನ್: ಡ್ರಿಲ್, ಕಟರ್ ಕೊಳ್ಳುವಾಗ ಲೇಬಲ್ಲಿನ ಮೇಲೆ ಚೌಕದೊಳಗೊಂದು ಚೌಕದ ಗುರುತು ಇದೆಯೇ ನೋಡಿ. ಅದಕ್ಕೆ ಎರಡು ಪದರದ ರಕ್ಷಣೆ ಇದೆ ಎಂದು ಅರ್ಥ. ಅದಕ್ಕೆ ಎರಡು ಪಿನ್ ಇದ್ದರೆ ತಪ್ಪಲ್ಲ. ಆ ಗುರುತಿಲ್ಲದ ಮಷಿನ್ನಿಗೆ ಎರಡು ಪಿನ್ ಕಂಡರೆ ವಾಪಸ್ ಕಳಿಸಿ. ಚಿಕ್ಕಪುಟ್ಟ ಕೆಲಸಕ್ಕೆ ಬ್ಯಾಟರಿ ಡ್ರಿಲ್ ಸಾಕು, ವೈರ್ ಎಳೆಯುವ ಗೋಜೇ ಇಲ್ಲ.

ಜನರೇಟರ್: ಬಯಲಲ್ಲೇ ಇಡಬೇಕು. ಕೋಣೆಯೊಳಗೆ, ಶೆಡ್ಡಿನೊಳಗೆ ಇಟ್ಟರೆ ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಕೊಲ್ಲುತ್ತದೆ. ಜನರೇಟರಿನ ವೈರನ್ನು ಮನೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟ್ ಕೊಡುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ ಟಿಸಿಗೆ ಹೋದರೆ, ಅಲ್ಲಿ 230 ವೋಲ್ಟ್ ಇದ್ದದ್ದು 11,000 ಆಗಿ ಕಂಬದ ಮೇಲಿರುವ ಲೈನ್‌ಮನ್ನನ್ನು ಸುಡಬಹುದು. ಚೇಂಜ್ ಓವರ್ ಸ್ವಿಚ್ ಇಲ್ಲದೆ ಹಾಗೆ ಮಾಡಲೇಬಾರದು. ಇನ್ನೊಂದು, ಜನರೇಟರಿನ ನ್ಯೂಟ್ರಲ್ ಅರ್ಥಿಂಗಿಗೆ ಕೂಡಿರದಿದ್ದರೆ ಆರ್‌ಸಿಸಿಬಿ ಬೀಳದೇ ಇರಬಹುದು. ಇದನ್ನು ವೈರ್‌ಮನ್ನೇ ನೋಡಿ ಹೇಳಬೇಕು.

ಕೊಕ್ಕೆ: ಕಂಬಕ್ಕೆ ಕೊಕ್ಕೆ ಹಾಕುವುದು ಕಳ್ಳತನ ಎಂಬುದು ಎಲ್ಲರಿಗೂ ಗೊತ್ತು. ಕೊಕ್ಕೆಯಿಂದ ಬಂದ ಕರೆಂಟಿಗೆ ಎಂಸಿಬಿಯೂ ಇಲ್ಲ, ಆರ್‌ಸಿಸಿಬಿಯೂ ಇಲ್ಲ, ಅರ್ಥಿಂಗೂ ಇಲ್ಲ. ನಿಮಗೂ ಸಾವಿಗೂ ನಡುವೆ ಇರುವುದು ಟಿಸಿಯ ದಪ್ಪ ಫ್ಯೂಸ್ ಒಂದೇ. ಮನುಷ್ಯ ಸುಟ್ಟರೂ ಅದು ಸುಡುವುದಿಲ್ಲ. ಜಾತ್ರೆ, ಕಟ್ಟಡ ಎರಡಕ್ಕೂ ವಿದ್ಯುತ್ ಕಂಪನಿಯವರು ತಾತ್ಕಾಲಿಕ ಸಂಪರ್ಕ ಕೊಡುತ್ತಾರೆ. ಲೈಸೆನ್ಸ್ ಇರುವ ಗುತ್ತಿಗೆದಾರರ ಮೂಲಕ ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಹಾಕಬೇಕು.

ಯಾವ ಡಬ್ಬಿಯೂ ಉಳಿಸದ ಜಾಗ

ಮೇಲೆ ಹೇಳಿದ್ದೆಲ್ಲ ನಾವು ಎಳೆದ ವೈರಿಗೆ. ತಲೆಯ ಮೇಲೆ ಹಾದ ಲೈನಿಗೆ ಈ ಸಾಮಾನು ಯಾವುದೂ ನಾಟುವುದಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸುವಾಗ ಅದು ಮೇಲಿನ ವಿದ್ಯುತ್ ಲೈನಿಗೆ ತಾಗಿ ಮೂವರು ಯುವಕರು ತೀರಿಕೊಂಡರು. ಅಲ್ಲಿ ಯಾರೂ ಮಷಿನ್ ಹಚ್ಚಿರಲಿಲ್ಲ, ಸ್ವಿಚ್ ಒತ್ತಿರಲಿಲ್ಲ.

ಪೆಂಡಾಲಿನ ಪೈಪ್, ಅಲ್ಯೂಮಿನಿಯಂ ಏಣಿ, ಬೋರ್ ಪೈಪ್, ಉದ್ದನೆಯ ಸಲಾಕೆ ಎತ್ತುವ ಮೊದಲು ಒಮ್ಮೆ ಮೇಲೆ ನೋಡಬೇಕು. ಎತ್ತುವ ವಸ್ತು ಯಾವ ದಿಕ್ಕಿಗೆ ಜಾರಿ ಬಿದ್ದರೂ ಲೈನ್ ಮುಟ್ಟದಷ್ಟು ದೂರ ಇರಬೇಕು. ಅಷ್ಟು ದೂರ ಇಲ್ಲದಿದ್ದರೆ ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಬಂದ್ ಮಾಡಿಸಿಯೇ ಕೆಲಸ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ. ಯಾರಿಗಾದರೂ ಮನೆಯ ಕರೆಂಟ್ ಹಿಡಿದರೆ ಅವರನ್ನು ಮುಟ್ಟುವ ಮೊದಲು ಮೇನ್ ತೆಗೆಯಿರಿ, ಆಮೇಲೆ 108.

ಬೇಡ ಅನ್ನುವವರು ಯಾರು?

ಮಷಿನ್ ಹಿಡಿಯುವವನು ವೈರ್ ಆರಿಸುವುದಿಲ್ಲ. ಆರಿಸುವವರು ಮಷಿನ್ ಹಿಡಿಯುವುದಿಲ್ಲ. ದಿನಗೂಲಿಯ ಹುಡುಗ ‘ಜುಮ್ ಅಂತೈತಿ, ನಾ ಹಿಡಿಯಂಗಿಲ್ಲ’ ಅಂದರೆ ನಾಳೆ ಅವನ ಬದಲು ಬೇರೆಯವನು ಬರುತ್ತಾನೆ. ಹಾಗಾಗಿ ಈ ಮಾತು ಮನೆ ಕಟ್ಟಿಸುವವರಿಗೆ, ಪೆಂಡಾಲ್ ಹಾಕಿಸುವ ಕಮಿಟಿಗೆ, ಪಂಚಾಯಿತಿ ಕಾಮಗಾರಿಯ ಗುತ್ತಿಗೆದಾರರಿಗೆ. ಬಾಗಿಲ ಚೌಕಟ್ಟಿಗೆ ಸಾಗವಾನಿಯೇ ಬೇಕು ಎಂದು ಹಟ ಹಿಡಿಯುವ ನಾವು, ಡಬ್ಬಿಯ ವಿಷಯಕ್ಕೆ ಬಂದರೆ ಚೌಕಾಸಿಗೆ ಇಳಿಯುತ್ತೇವೆ.

ಕೆಲಸಗಾರರಿಗೂ ಒಂದು ಮಾತು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಅವಘಡವಾದರೆ ಪರಿಹಾರ ಕೇಳಲು ಆ ಕಾರ್ಡ್ ಬೇಕು. ಬುಟ್ಟಿ ಹೊರುವ ಹೆಣ್ಣುಮಕ್ಕಳಿಗೂ ಇದು ಅನ್ವಯ. ‘ಅದು ಗೌಂಡಿಗಳಿಗೆ ಅಷ್ಟೇ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ಡಬ್ಬಿ ಈಗ ಊರಲ್ಲಿ ತಿರುಗುತ್ತಿದೆ. ಇಲ್ಲಿಯವರೆಗೆ ನಾಲ್ಕು ಮನೆ, ಒಂದು ಗಣಪತಿ ಪೆಂಡಾಲ್ ಆಯಿತು. ಬಾಡಿಗೆ ಇಲ್ಲ, ಕರಾರು ಒಂದೇ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇದೆ. ಕರೆಂಟ್ ಕೊಟ್ಟ ಮೇಲೆ, ಮಷಿನ್ ಹಚ್ಚುವ ಮೊದಲು, ದಿನಾ ಬೆಳಿಗ್ಗೆ ಅದನ್ನು ಒತ್ತಬೇಕು. ಟಪ್ ಎಂದು ಬಿದ್ದರೆ ಕೆಲಸ ಶುರು ಮಾಡಬಹುದು. ಬೀಳದಿದ್ದರೆ ಡಬ್ಬಿ ಸತ್ತಿದೆ, ಕೆಲಸ ಶುರು ಮಾಡುವಂತಿಲ್ಲ. ಆ ಗುಂಡಿಯನ್ನು ಮಾಲೀಕರಾಗಲಿ ಗೌಂಡಿಯಾಗಲಿ ಒತ್ತುವಂತಿಲ್ಲ. ಅವತ್ತು ಮಷಿನ್ ಹಿಡಿಯುವವನೇ ಒತ್ತಬೇಕು.